ಒಂದು ಗುಂಡು, ಎರಡು ಪ್ರಶ್ನೆ

(ಮಂಡ್ಯದ ನಾಗರಿಕ ಗೋಷ್ಠಿಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿ ಪೊಲೀಸರ ಮೇಲೆ ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದ; ಇನ್ಸ್‌ಪೆಕ್ಟರ್ ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸಿದರು; ಶರಣಾಗದಿದ್ದಾಗ ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಹಾರಿಸಿದರು; ಗಾಯಗೊಂಡ ಕಾನ್‌ಸ್ಟೆಬಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಈ ಸುದ್ದಿಯನ್ನು ನೀವೆಲ್ಲ ಎಷ್ಟು ಸಲ ಓದಿದ್ದೀರಿ ಎಂದು ಕೇಳಿದರೆ ಲೆಕ್ಕ ಹೇಳುವುದು ಕಷ್ಟ. ಊರಿನ ಹೆಸರು ಬದಲಾಗುತ್ತದೆ, ಆರೋಪಿಯ ಹೆಸರು ಬದಲಾಗುತ್ತದೆ, ವಾಕ್ಯಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಅಪರೂಪಕ್ಕೆ ಗುಂಡು ಕಾಲಿಗೆ ಬೀಳುವುದಿಲ್ಲ, ಎದೆಗೆ ಬೀಳುತ್ತದೆ. ಆಗ ನಮ್ಮ ನಮ್ಮ ಮೊಬೈಲುಗಳಲ್ಲಿ ಎರಡು ದಿನ ಜಗಳ ನಡೆಯುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಗುಂಡಿನ ಬಗ್ಗೆ ಎನ್ನುವುದಕ್ಕಿಂತ ಆ ಜಗಳದ ಬಗ್ಗೆ, ಅದರಲ್ಲೂ ‘ಪೊಲೀಸರು ಪಕ್ಷಪಾತಿಗಳು’, ‘ಅಲ್ಲ, ಹಾಗನ್ನುವ ನೀವೇ ಪಕ್ಷಪಾತಿಗಳು’ ಎಂದು ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುವ ಆ ಒಂದು ಘಟ್ಟದ ಬಗ್ಗೆ.

ಮೊದಲು ನನ್ನ ತಪ್ಪನ್ನು ಹೇಳಿಕೊಂಡುಬಿಡುತ್ತೇನೆ. ನಾನು ಮೈಸೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ಮುಂಜಾನೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವ ನಮ್ಮಂಥವರದೊಂದು ವಾಟ್ಸಾಪ್ ಗುಂಪಿದೆ. 2019ರ ಡಿಸೆಂಬರ್ 6ರ ಬೆಳಿಗ್ಗೆ, ಹೈದರಾಬಾದ್ ಹತ್ತಿರದ ಶಾದನಗರದ ಬಳಿ ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರೆಂಬ ಸುದ್ದಿ ಬಂದಾಗ, ಆ ಗುಂಪಿನಲ್ಲಿ ಮೊದಲು ಚಪ್ಪಾಳೆಯ ಚಿತ್ರ ಹಾಕಿದವರಲ್ಲಿ ನಾನೂ ಒಬ್ಬ. ಅಲ್ಲಿನ ಪೊಲೀಸ್ ಕಮಿಷನರ್ ಹುಬ್ಬಳ್ಳಿ ಕಡೆಯ ಕನ್ನಡಿಗರು ಎಂಬ ಸಂಗತಿ ಗೊತ್ತಾದ ಮೇಲಂತೂ ನಮ್ಮ ಹೆಮ್ಮೆಗೆ ಎಲ್ಲೆಯೇ ಇರಲಿಲ್ಲ. ಗುಂಡು ಹಾರಿದ ಸಂದರ್ಭಕ್ಕೂ ಅಧಿಕಾರಿಯ ಮಾತೃಭಾಷೆಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ‘ಸಂಬಂಧವಿಲ್ಲದ ಚರಾಂಶಗಳು’ ಎಂಬ ಪಾಠ ಮಾಡಿದ ನಾನೂ ಕೇಳಲಿಲ್ಲ.

ಆಮೇಲೆ ಏನಾಯಿತು ಎಂಬುದು ನಿಮಗೆ ಗೊತ್ತಿರಬಹುದು. ಸುಪ್ರೀಂ ಕೋರ್ಟ್ ತನ್ನ ನಿವೃತ್ತ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಅವರ ನೇತೃತ್ವದಲ್ಲಿ ಮೂವರ ಆಯೋಗವನ್ನು ನೇಮಿಸಿತು. ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಆರೋಪಿಗಳು ಪಿಸ್ತೂಲು ಕಿತ್ತುಕೊಂಡು ದಾಳಿ ಮಾಡಿದರೆಂಬ ಪೊಲೀಸರ ಹೇಳಿಕೆಯನ್ನು ನಂಬಲಾಗದು, ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ಆರೋಪದ ವಿಚಾರಣೆ ನಡೆಯಬೇಕು ಎಂದು ಅದು ಹೇಳಿತು. ಸತ್ತ ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತ ವಯಸ್ಸಿನವರು ಎಂದೂ ಹೇಳಿತು. ಪ್ರಕರಣ ಅಲ್ಲಿಂದ ತೆಲಂಗಾಣ ಹೈಕೋರ್ಟಿಗೆ ಹೋಯಿತು, ಆದ್ದರಿಂದ ಆಯೋಗದ ಮಾತೇ ಕೊನೆಯ ತೀರ್ಪು ಎಂದು ನಾನು ಹೇಳುವುದಿಲ್ಲ. ಆದರೆ ‘ಆಯೋಗದವರು ಪೊಲೀಸ್ ವಿರೋಧಿಗಳು’ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. ಆ ಮೂವರಲ್ಲಿ ಒಬ್ಬರು ಸಿಬಿಐ ನಿರ್ದೇಶಕರಾಗಿದ್ದ ಡಿ.ಆರ್. ಕಾರ್ತಿಕೇಯನ್, ನಮ್ಮ ಕರ್ನಾಟಕದ ಪೊಲೀಸ್ ಸೇವೆಯಿಂದಲೇ ಬಂದವರು. 2019ರಲ್ಲಿ ನೂರು ಚಪ್ಪಾಳೆ ಬಿದ್ದ ನಮ್ಮ ಗುಂಪಿನಲ್ಲಿ ಈ ವರದಿಯ ಒಂದು ಸಾಲೂ ಬರಲಿಲ್ಲ. ನಾನೂ ಹಾಕಲಿಲ್ಲ. ಓದಿ, ಮೊಬೈಲನ್ನು ಮಗುಚಿಟ್ಟೆ.

ಹೀಗೇಕೆ ಎಂದು ಯೋಚಿಸುವುದಕ್ಕೆ ನಾನು ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕಾಗಿದೆ. ದೂರ ಏಕೆಂದರೆ, ನಮ್ಮೂರಿನ ಪ್ರಕರಣ ಎತ್ತಿಕೊಂಡರೆ ಸತ್ತವನ ಜಾತಿ ಯಾವುದು, ಆಗ ಯಾವ ಪಕ್ಷದ ಸರ್ಕಾರವಿತ್ತು ಎಂದು ಸಭೆಯಲ್ಲಿ ಅರ್ಧ ಜನ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗುತ್ತಾರೆ. ಅಮೆರಿಕದ ಮಿಸ್ಸೌರಿ ರಾಜ್ಯದ ಫರ್ಗುಸನ್ ಎಂಬ ಪುಟ್ಟ ಪಟ್ಟಣದಲ್ಲಿ ನಮ್ಮ ನೆಂಟರೂ ಇಲ್ಲ, ನಮ್ಮ ಪಕ್ಷವೂ ಇಲ್ಲ.

2014ರ ಆಗಸ್ಟ್ 9ರಂದು ಅಲ್ಲಿ ಮೈಕಲ್ ಬ್ರೌನ್ ಎಂಬ ಹದಿನೆಂಟು ವರ್ಷದ ಕಪ್ಪು ಯುವಕ ಬಿಳಿಯ ಪೊಲೀಸ್ ಅಧಿಕಾರಿಯೊಬ್ಬನ ಗುಂಡಿಗೆ ಸತ್ತ. ಅವನ ಬಳಿ ಆಯುಧವಿರಲಿಲ್ಲ. ಹೆಣ ಸುಮಾರು ನಾಲ್ಕು ಗಂಟೆ ಹಾಡಹಗಲಲ್ಲಿ ರಸ್ತೆಯ ಮೇಲೆಯೇ ಬಿದ್ದಿತ್ತು. ಅವನು ಎರಡೂ ಕೈ ಮೇಲೆತ್ತಿ ಶರಣಾಗಿದ್ದಾಗ ಗುಂಡು ಹೊಡೆದರು ಎಂಬ ಮಾತು ಹಬ್ಬಿತು. ಸಾವಿರಾರು ಜನ ಕೈ ಮೇಲೆತ್ತಿಕೊಂಡು ಬೀದಿಗಿಳಿದರು. ಇನ್ನೊಂದು ಪಕ್ಷದವರು, ಅಧಿಕಾರಿಯ ಮೇಲೆ ಆ ಯುವಕನೇ ಎರಗಿದ್ದ, ಇದರಲ್ಲಿ ಬಣ್ಣದ ಮಾತೇ ಇಲ್ಲ ಎಂದರು. ಆ ನವೆಂಬರ್‌ನಲ್ಲಿ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಬೇಕಾಗಿಲ್ಲ ಎಂದು ಅಲ್ಲಿನ ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪ ಹೊರಿಸಬೇಕೇ ಬೇಡವೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ, ತೀರ್ಮಾನಿಸಿತು. ಜಗಳ ಮತ್ತಷ್ಟು ಉರಿಯಿತು.

2015ರ ಮಾರ್ಚ್ 4ರಂದು ಅಮೆರಿಕದ ನ್ಯಾಯಾಂಗ ಇಲಾಖೆ ಎರಡು ವರದಿಗಳನ್ನು ಹೊರತಂದಿತು. ಒಂದೇ ದಿನ, ಒಂದೇ ಇಲಾಖೆ, ಎರಡು ವರದಿ. ಮೊದಲನೆಯದು ಆ ಒಂದು ಗುಂಡಿನ ಪ್ರಸಂಗದ ಬಗ್ಗೆ. ಕೈ ಮೇಲೆತ್ತಿ ಶರಣಾಗಿದ್ದ ಎಂಬ ಸಾಕ್ಷಿಗಳ ಮಾತು ಭೌತಿಕ ಸಾಕ್ಷ್ಯಕ್ಕೆ ಹೊಂದುವುದಿಲ್ಲ, ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಆಧಾರವಿಲ್ಲ ಎಂದು ಅದು ಹೇಳಿತು. ಎರಡನೆಯದು ಆ ಪಟ್ಟಣದ ಪೊಲೀಸ್ ಇಲಾಖೆಯ ನಡವಳಿಕೆಯ ಬಗ್ಗೆ. ಪಟ್ಟಣದ ಜನಸಂಖ್ಯೆಯಲ್ಲಿ ಕಪ್ಪು ಜನ ಶೇ. 67, ಪೊಲೀಸರು ತಡೆದು ನಿಲ್ಲಿಸಿದ ವಾಹನಗಳ ಚಾಲಕರಲ್ಲಿ ಅವರು ಶೇ. 85; ದಸ್ತಗಿರಿಯಾದವರಲ್ಲಿ ಶೇ. 93. ‘ರಸ್ತೆಯಲ್ಲಿ ನಡೆಯುವ ರೀತಿ ಸರಿಯಿಲ್ಲ’ ಎಂಬ ಒಂದು ಅಪರಾಧ ಅಲ್ಲಿನ ಕಾನೂನಿನಲ್ಲಿತ್ತು, ಅದರಡಿ ದಂಡ ಹಾಕಿಸಿಕೊಂಡವರಲ್ಲಿ ಶೇ. 95 ಮಂದಿ ಕಪ್ಪು ಜನ. ಮೈಕಲ್ ಬ್ರೌನನನ್ನು ಆ ಅಧಿಕಾರಿ ಮೊದಲು ತಡೆದು ಮಾತಾಡಿಸಿದ್ದೂ ರಸ್ತೆಯ ನಡುವೆ ನಡೆಯುತ್ತಿದ್ದನೆಂಬ ಕಾರಣಕ್ಕೇ.

‘ಶೇ. 93 ಎಂದರೆ ಅವರೇ ಹೆಚ್ಚು ಅಪರಾಧ ಮಾಡುತ್ತಾರೆ ಎಂದೇಕೆ ಆಗಬಾರದು?’ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು, ಕೇಳಿದವರನ್ನು ಜನಾಂಗದ್ವೇಷಿ ಎಂದು ಬಾಯಿ ಮುಚ್ಚಿಸುವುದು ಸೋಲೊಪ್ಪಿಕೊಂಡಂತೆ. ಉತ್ತರ ಅದೇ ವರದಿಯಲ್ಲಿದೆ. ತಡೆದ ವಾಹನಗಳಲ್ಲಿ ಕಪ್ಪು ಚಾಲಕರನ್ನು ಜಡತಿ ಮಾಡುವ ಸಂಭವ ಬಿಳಿಯರಿಗಿಂತ ಎರಡು ಪಟ್ಟು ಮೀರಿತ್ತು, ಆದರೆ ಜಡತಿಯಲ್ಲಿ ಕಪ್ಪು ಚಾಲಕರ ಬಳಿ ನಿಷಿದ್ಧ ವಸ್ತು ಸಿಗುವ ಸಂಭವ ಶೇ. 26ರಷ್ಟು ಕಡಿಮೆ ಇತ್ತು. ಅಂದರೆ ಕಪ್ಪು ಜನರ ಮೇಲೆ ಪೊಲೀಸರಿಗೆ ಬರುತ್ತಿದ್ದ ಅನುಮಾನ ಹೆಚ್ಚು, ಆ ಅನುಮಾನ ನಿಜವಾಗುತ್ತಿದ್ದುದು ಕಡಿಮೆ. ತಾರತಮ್ಯವನ್ನು ಅಳೆಯುವುದಕ್ಕೆ ಇದಕ್ಕಿಂತ ಸರಳವಾದ ಅಳತೆಗೋಲು ನನಗೆ ಗೊತ್ತಿಲ್ಲ.

ಈಗ ಜಗಳಕ್ಕೆ ಬನ್ನಿ. ಒಂದು ಪಕ್ಷದವರು ಮೊದಲ ವರದಿಯನ್ನು ಹಿಡಿದು ‘ನೋಡಿ, ಪಕ್ಷಪಾತವೇ ಇಲ್ಲ’ ಎಂದರು. ಇನ್ನೊಂದು ಪಕ್ಷದವರು ಎರಡನೆಯದನ್ನು ಹಿಡಿದು ‘ನೋಡಿ, ಅದು ಕೊಲೆಯೇ’ ಎಂದರು. ಇಬ್ಬರ ಕೈಯಲ್ಲೂ ಇದ್ದದ್ದು ನಿಜವಾದ ಕಾಗದ. ಇಬ್ಬರೂ ಹೇಳಿದ್ದು ಆ ಕಾಗದದಲ್ಲಿ ಇಲ್ಲದ ಮಾತು. ಈ ಗುಂಡು ಸರಿಯೇ ಎಂಬುದು ಒಂದು ಪ್ರಶ್ನೆ. ಈ ಇಲಾಖೆ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಸಾಕ್ಷಿ ಹೇಳುವುದು ಗುಂಡಿನ ಗಾಯ, ರಕ್ತದ ಕಲೆ, ಎದುರಿಗಿದ್ದವರ ಕಣ್ಣು. ಎರಡನೆಯದಕ್ಕೆ ಸಾಕ್ಷಿ ಹೇಳುವುದು ಹತ್ತಾರು ಸಾವಿರ ಸಣ್ಣ ಘಟನೆಗಳ ಲೆಕ್ಕ. ಒಂದರ ಸಾಕ್ಷಿಯನ್ನು ಇನ್ನೊಂದರ ಕಟಕಟೆಗೆ ತಂದು ನಿಲ್ಲಿಸುವುದರಿಂದಲೇ ನಮ್ಮ ಮೊಬೈಲಿನ ಜಗಳಗಳು ಮುಗಿಯುವುದಿಲ್ಲ ಎಂಬುದು ನಾನು ಇಲ್ಲಿ ಹೇಳಬೇಕೆಂದು ಬಂದಿರುವ ಮಾತು.

ಇನ್ನು ಲೆಕ್ಕವೂ ಮೋಸ ಮಾಡುತ್ತದೆ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ ಸಹಿಸಿಕೊಳ್ಳಿ. 2016ರಲ್ಲಿ ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಒಂದು ಅಧ್ಯಯನ ಪ್ರಕಟಿಸಿದರು. ಅವರು ಸ್ವತಃ ಕಪ್ಪು ಜನಾಂಗದವರು. ಪೊಲೀಸರು ತಳ್ಳುವುದು, ಕೋಳ ಹಾಕುವುದು ಮುಂತಾದ ಬಲಪ್ರಯೋಗದಲ್ಲಿ ಕಪ್ಪು ಜನರ ವಿರುದ್ಧ ದೊಡ್ಡ ತಾರತಮ್ಯ ಕಂಡಿತು, ಆದರೆ ಗುಂಡು ಹಾರಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು ಅವರು ಬರೆದರು. ಅವರಿಗೇ ಇದು ಅಚ್ಚರಿ ತಂದಿತ್ತು. ಎರಡು ಪಕ್ಷದವರೂ ಆ ಅಧ್ಯಯನವನ್ನು ಅರ್ಧರ್ಧ ಹರಿದು ಹಂಚಿಕೊಂಡರು. ಆಮೇಲೆ ಬೇರೆ ಸಂಶೋಧಕರು ಒಂದು ಆಕ್ಷೇಪಣೆ ಎತ್ತಿದರು, ಅದನ್ನು ನಮ್ಮ ಮೈಸೂರು–ಮಂಡ್ಯ ರಸ್ತೆಗೆ ತಂದು ಹೇಳುತ್ತೇನೆ. ಅಂಕಿಗಳು ಕಲ್ಪಿತ, ತರ್ಕ ಮಾತ್ರ ನಿಜ.

ಎರಡು ಬಡಾವಣೆಗಳಿವೆ ಎಂದುಕೊಳ್ಳಿ. ಒಂದೊಂದರಿಂದಲೂ ಸಾವಿರ ಬೈಕುಗಳು ಈ ರಸ್ತೆಗೆ ಬರುತ್ತವೆ, ಸವಾರರ ನಡತೆ ಒಂದೇ. ಮೊದಲ ಬಡಾವಣೆಯವರಲ್ಲಿ ನಿಜವಾಗಿ ತಪ್ಪು ಮಾಡಿದ ನೂರು ಮಂದಿಯನ್ನು ಪೊಲೀಸರು ತಡೆಯುತ್ತಾರೆ, ಹತ್ತು ಮಂದಿಗೆ ಲಾಠಿ ಏಟು ಬೀಳುತ್ತದೆ. ಎರಡನೆಯ ಬಡಾವಣೆಯವರಲ್ಲಿ ತಪ್ಪು ಮಾಡಿದ ನೂರರ ಜೊತೆಗೆ, ಬರೀ ಮುಖ ನೋಡಿ ಇನ್ನೂರು ಮಂದಿಯನ್ನು ತಡೆಯುತ್ತಾರೆ, ಮೂವತ್ತು ಮಂದಿಗೆ ಏಟು ಬೀಳುತ್ತದೆ. ತಡೆದವರ ಪುಸ್ತಕವನ್ನಷ್ಟೇ ತೆಗೆದು ನೋಡಿದರೆ ನೂರಕ್ಕೆ ಹತ್ತು, ಮುನ್ನೂರಕ್ಕೆ ಮೂವತ್ತು. ಎರಡೂ ಕಡೆ ಶೇ. 10, ಪೊಲೀಸರು ಧರ್ಮರಾಯರು. ರಸ್ತೆಗೆ ಬಂದವರ ಲೆಕ್ಕ ಹಿಡಿದರೆ ಮೊದಲ ಬಡಾವಣೆಯಲ್ಲಿ ಸಾವಿರಕ್ಕೆ ಹತ್ತು, ಎರಡನೆಯದರಲ್ಲಿ ಸಾವಿರಕ್ಕೆ ಮೂವತ್ತು. ತಾರತಮ್ಯ ಇರುವುದು ಲಾಠಿ ಎತ್ತುವ ಗಳಿಗೆಯಲ್ಲಲ್ಲ, ಕೈ ಅಡ್ಡ ಹಿಡಿದು ನಿಲ್ಲಿಸುವ ಗಳಿಗೆಯಲ್ಲಿ. ಆದರೆ ನಿಲ್ಲಿಸದೆ ಬಿಟ್ಟವರ ಲೆಕ್ಕ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಶಾಲೆಯಲ್ಲಿ ಭಿನ್ನರಾಶಿ ಕಲಿಸುವಾಗ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಹೇಳಿಕೊಟ್ಟಿದ್ದರಲ್ಲ, ನಾವು ಜಗಳವಾಡುವುದೆಲ್ಲ ಅಂಶದ ಮೇಲೆ. ಮೋಸ ಅಡಗಿ ಕೂರುವುದು ಛೇದದಲ್ಲಿ. ಇದೇ ತರ್ಕವನ್ನು ಎದುರು ಪಕ್ಷದವರಿಗೂ ಅನ್ವಯಿಸಬೇಕು: ಬರೀ ಜನಸಂಖ್ಯೆಯನ್ನು ಛೇದವಾಗಿ ಹಿಡಿದು ‘ಇಷ್ಟು ಪಟ್ಟು ಹೆಚ್ಚು, ಆದ್ದರಿಂದ ಪ್ರತಿಯೊಂದು ಗುಂಡೂ ದ್ವೇಷದ ಗುಂಡು’ ಎನ್ನುವುದೂ ಲೆಕ್ಕವಲ್ಲ.

ಇಲ್ಲಿ ಒಂದು ಪದದ ವಿಚಾರ ಹೇಳಿ ಮುಂದೆ ಹೋಗುತ್ತೇನೆ. ನಮ್ಮಲ್ಲಿ ಕೆಲವರು ‘ಪೂರ್ವಗ್ರಹ’ ಎಂದು ಬರೆಯುತ್ತಾರೆ, ಕೆಲವರು ‘ಪೂರ್ವಾಗ್ರಹ’ ಎನ್ನುತ್ತಾರೆ. ಯಾವುದು ಸರಿ ಎಂದು ಕನ್ನಡ ಮೇಷ್ಟ್ರುಗಳು ಕಿತ್ತಾಡುವುದನ್ನು ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ. ನನಗೇನೋ ಎರಡೂ ಬೇಕು ಎನ್ನಿಸುತ್ತದೆ. ಗ್ರಹ ಎಂದರೆ ಹಿಡಿದುಕೊಂಡದ್ದು. ಆಗ್ರಹ ಎಂದರೆ ಹಟ. ಕತ್ತಲಲ್ಲಿ ಎದುರಿಗಿದ್ದವನು ಸೊಂಟಕ್ಕೆ ಕೈ ಹಾಕಿದಾಗ ಪೊಲೀಸಿನವನ ಮನಸ್ಸು ಅರ್ಧ ಸೆಕೆಂಡಿನಲ್ಲಿ ಏನನ್ನೋ ಹಿಡಿದುಕೊಳ್ಳುತ್ತದೆ. ಜೋಶುವಾ ಕೊರೆಲ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2002ರಲ್ಲಿ ಕಂಪ್ಯೂಟರ್ ಆಟವೊಂದರ ಮೂಲಕ ಇದನ್ನೇ ಪರೀಕ್ಷಿಸಿದರು. ಪರದೆಯ ಮೇಲೆ ಕಾಣುವ ವ್ಯಕ್ತಿಯ ಕೈಯಲ್ಲಿ ಬಂದೂಕಿದ್ದರೆ ಗುಂಡಿನ ಗುಂಡಿ ಒತ್ತಬೇಕು, ಮೊಬೈಲೋ ಪರ್ಸೋ ಇದ್ದರೆ ಒತ್ತಬಾರದು. ಬಂದೂಕು ಹಿಡಿದವನು ಕಪ್ಪು ಮನುಷ್ಯನಾದರೆ ಗುಂಡು ಹೊಡೆಯುವ ನಿರ್ಧಾರ ಬೇಗ ಬರುತ್ತಿತ್ತು, ನಿರಾಯುಧನು ಬಿಳಿಯನಾದರೆ ಬಿಟ್ಟುಬಿಡುವ ನಿರ್ಧಾರ ಬೇಗ ಬರುತ್ತಿತ್ತು. ಅದು ಪೂರ್ವಗ್ರಹ. ಆದರೆ ಮನೆಯಲ್ಲಿ ಕಾಫಿ ಕುಡಿಯುತ್ತ ಮೊಬೈಲು ಹಿಡಿದ ನಮಗೆ ಅರ್ಧ ಸೆಕೆಂಡಲ್ಲ, ಅರ್ಧ ದಿನವಿರುತ್ತದೆ. ವರದಿ ಬರುವವರೆಗೆ ಎರಡು ವರ್ಷವಿರುತ್ತದೆ. ಅಷ್ಟು ಬಿಡುವಿದ್ದೂ ಮೊದಲು ಹಿಡಿದದ್ದನ್ನು ಬಿಡದಿದ್ದರೆ ಅದಕ್ಕೆ ಪೂರ್ವಾಗ್ರಹ ಎನ್ನುವುದೇ ಸರಿ.

‘ವಿಡಿಯೊ ಇದೆಯಲ್ಲ, ನೋಡಿದರೆ ಗೊತ್ತಾಗುತ್ತದೆ’ ಎಂಬ ಮಾತು ಹೇಗೂ ಬರುತ್ತದೆ. ಅಮೆರಿಕದಲ್ಲಿ 2007ರಲ್ಲಿ ಇಂಥದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ವೇಗವಾಗಿ ಕಾರು ಓಡಿಸಿಕೊಂಡು ತಪ್ಪಿಸಿಕೊಳ್ಳುತ್ತಿದ್ದ ಹತ್ತೊಂಬತ್ತರ ಹುಡುಗನ ಕಾರಿಗೆ ಪೊಲೀಸ್ ಕಾರು ಗುದ್ದಿ, ಅವನ ಕೈಕಾಲು ಸ್ವಾಧೀನ ತಪ್ಪಿದವು. ವಿಡಿಯೊವೇ ಮಾತಾಡುತ್ತದೆ ಎಂದು ಎಂಟು ನ್ಯಾಯಮೂರ್ತಿಗಳು ಪೊಲೀಸರ ಪರ ನಿಂತರು, ಒಬ್ಬರು ಅದೇ ವಿಡಿಯೊ ನೋಡಿ ಒಪ್ಪಲಿಲ್ಲ. ನ್ಯಾಯಾಲಯ ಆ ವಿಡಿಯೊವನ್ನು ಅಂತರ್ಜಾಲದಲ್ಲಿ ಹಾಕಿತು. ಮೂವರು ಸಂಶೋಧಕರು ಅದನ್ನು ಸುಮಾರು 1,350 ಮಂದಿಗೆ ತೋರಿಸಿದರು. ಹೆಚ್ಚಿನವರು ನ್ಯಾಯಾಲಯದಂತೆಯೇ ಕಂಡರು. ಆದರೆ ಬಣ್ಣ, ವರಮಾನ, ರಾಜಕೀಯ ಒಲವು ಬೇರೆಯಾದಂತೆ ಕಂಡದ್ದೂ ಬೇರೆಯಾಯಿತು. ಕಣ್ಣಿಗೂ ಒಂದು ಊರು, ಒಂದು ಕೇರಿ ಇರುತ್ತದೆ.

ಈಗ ನಮ್ಮ ಕೇರಿಗೆ ಬರೋಣ. ನಮ್ಮಲ್ಲಿ ಫರ್ಗುಸನ್‌ನಂಥ ಲೆಕ್ಕ ಕೈಗೆ ಸಿಗುವುದು ಅಪರೂಪ. ಇರುವುದರಲ್ಲಿ ಒಂದು, ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ಸಂಸ್ಥೆಗಳು 2019ರಲ್ಲಿ ಪ್ರಕಟಿಸಿದ ಸಮೀಕ್ಷೆ. ದೇಶದ 21 ರಾಜ್ಯಗಳ ಸುಮಾರು 12,000 ಪೊಲೀಸ್ ಸಿಬ್ಬಂದಿಯನ್ನು ಅವರು ಮಾತಾಡಿಸಿದ್ದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ, ಮುಸ್ಲಿಮರು ಸ್ವಭಾವತಃ ಅಪರಾಧದ ಕಡೆ ವಾಲುವವರು ಎಂಬ ಭಾವನೆಯನ್ನು ಪೂರ್ಣವಾಗಿಯೋ ತಕ್ಕಮಟ್ಟಿಗೋ ಒಪ್ಪಿದರು. ಅಪಾಯಕಾರಿ ಅಪರಾಧಿಯನ್ನು ಕೋರ್ಟಿಗೆ ಒಯ್ಯುವುದಕ್ಕಿಂತ ಕೊಲ್ಲುವುದೇ ಮೇಲು ಎಂದವರು ಐವರಲ್ಲಿ ಒಬ್ಬರು. ಬ್ರಿಟಿಷರು 1871ರಲ್ಲಿ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾಯಿದೆ ಮಾಡಿದರು, ನಾವು 1952ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿದೆವು; ಊರಿನಲ್ಲಿ ಕಳ್ಳತನವಾದಾಗ ಮೊದಲು ಯಾವ ಗುಡಿಸಲುಗಳ ಮುಂದೆ ಜೀಪು ನಿಲ್ಲುತ್ತದೆ ಎಂಬುದನ್ನು ನೀವೇ ಬಲ್ಲಿರಿ. ಇದಿಷ್ಟೂ ಎರಡನೆಯ ಪ್ರಶ್ನೆಗೆ ಸಾಕ್ಷಿ. ಇದನ್ನು ತೋರಿಸಿ, ನಿನ್ನೆ ಗುಂಡು ಹಾರಿಸಿದ ಸಬ್ ಇನ್ಸ್‌ಪೆಕ್ಟರ್ ಕೊಲೆಗಾರ ಎಂದು ಹೇಳುವ ಹಾಗಿಲ್ಲ.

ಆ ಮೊದಲ ಪ್ರಶ್ನೆಗೆ ನಮ್ಮಲ್ಲಿ ಒಂದು ದಾರಿ ಆಗಲೇ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಹಾರಾಷ್ಟ್ರದ ಎನ್‌ಕೌಂಟರುಗಳ ಕುರಿತ ಮೊಕದ್ದಮೆಯಲ್ಲಿ ಹದಿನಾರು ನಿರ್ದೇಶನಗಳನ್ನು ಕೊಟ್ಟಿತು. ಪೊಲೀಸ್ ಗುಂಡಿಗೆ ಯಾರಾದರೂ ಸತ್ತರೆ ಎಫ್‌ಐಆರ್ ದಾಖಲಾಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯವರು ನಡೆಸಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕು. ಘಟನೆಯ ಬೆನ್ನಲ್ಲೇ ಬಡ್ತಿಯನ್ನಾಗಲೀ ಶೌರ್ಯ ಪ್ರಶಸ್ತಿಯನ್ನಾಗಲೀ ಕೊಡಕೂಡದು. ತೀವ್ರ ಗಾಯದ ಪ್ರಕರಣಗಳಿಗೂ ಸಾಧ್ಯವಾದ ಮಟ್ಟಿಗೆ ಇವು ಅನ್ವಯವಾಗಬೇಕು ಎಂದಿತು, ಅಂದರೆ ನಮ್ಮ ‘ಕಾಲಿಗೆ ಗುಂಡು’ ಸುದ್ದಿಗಳಿಗೂ.

ಬಡ್ತಿ, ಪ್ರಶಸ್ತಿ ಬೇಡ ಎಂಬುದು ಪೊಲೀಸರ ಮೇಲಿನ ಅಪನಂಬಿಕೆಯಿಂದ ಹುಟ್ಟಿದ ನಿಯಮ ಎಂದೇ ನಾನು ಬಹಳ ದಿನ ತಿಳಿದಿದ್ದೆ. ನಮ್ಮ ಬೀದಿಯಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರಿದ್ದಾರೆ, ಈ ಮಂಡ್ಯ ಜಿಲ್ಲೆಯವರೇ. ಅವರ ಮುಂದೆ ಈ ಮಾತು ತೆಗೆದಾಗ ಅವರು ಹೇಳಿದರು: “ಸಾರ್, ಬೆಳಗ್ಗೆ ಗುಂಡು ಹಾರ್ಸಿರ್ತಾನೆ, ಸಾಯಂಕಾಲ ಊರಿನ ಜನ ಹಾರ ಹಾಕಿ ಹೆಗಲ ಮೇಲೆ ಹೊತ್ಕೊಂಡಿರ್ತಾರೆ. ನಾಳೆ ದಿನ ಅವನಿಗೇನೆ ‘ನಾನು ಆತುರ ಬಿದ್ದೆ’ ಅಂತ ಅನ್ನಿಸ್ತು ಅಂತಿಟ್ಕಳಿ, ಯಾವ ಬಾಯಲ್ಲಿ ಹೇಳ್ತಾನೆ?” ಹೈದರಾಬಾದಿನಲ್ಲಿ ಪೊಲೀಸರ ಮೇಲೆ ಜನ ಹೂವು ಸುರಿದ ಚಿತ್ರ ನನಗೆ ಆಗ ನೆನಪಾಯಿತು. ನಾನು ಹಾಕಿದ ಚಪ್ಪಾಳೆಯ ಚಿತ್ರವೂ ಆ ಹೂವಿನ ರಾಶಿಯಲ್ಲೇ ಸೇರಿಕೊಂಡದ್ದು.

ವಿಚಾರಣೆ ಕೇಳುವುದೇ ದ್ರೋಹ ಎಂಬ ಭಾವನೆ ಈ ಜಿಲ್ಲೆಯಲ್ಲಂತೂ ಇರಬಾರದು. 1938ರ ಏಪ್ರಿಲ್‌ನಲ್ಲಿ ಇಲ್ಲೇ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಮಂದಿ ಎಂದು ಸರ್ಕಾರ ಹೇಳಿತು. ಜನರ ಲೆಕ್ಕ ಮೂವತ್ತನ್ನು ದಾಟುತ್ತದೆ. ಗುಂಡು ಹಾರಿಸಿದವರು ಪರಂಗಿಯವರಲ್ಲ, ನಮ್ಮ ಮಹಾರಾಜರ ಪೊಲೀಸರು, ಬಹುಶಃ ಕನ್ನಡದಲ್ಲೇ ಗದರಿಸಿದವರು. ಆಗಲೂ ವಿಚಾರಣೆ ಬೇಕು ಎಂಬ ಒತ್ತಾಯ ಎದ್ದಿತು, ಸಂಸ್ಥಾನ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಹಾಗೆ ಒತ್ತಾಯಿಸಿದವರನ್ನು ನಾವು ಇವತ್ತು ಸ್ವಾತಂತ್ರ್ಯ ಹೋರಾಟಗಾರರು ಎನ್ನುತ್ತೇವೆ.

2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರವಾದಾಗ ‘ಹೈದರಾಬಾದ್ ಮಾದರಿ ಆಗಲಿ’ ಎಂಬ ಕೂಗು ಮೈಸೂರಿನಲ್ಲೇ ಎದ್ದಿತ್ತು. 2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವಿನ ಕೊಲೆಯಾಗಿ, ಬಿಹಾರದಿಂದ ಬಂದಿದ್ದ ಆರೋಪಿ ಅದೇ ದಿನ ಪೊಲೀಸ್ ಗುಂಡಿಗೆ ಸತ್ತಾಗ, ನಮ್ಮ ಗುಂಪಿನಲ್ಲಿ ಮತ್ತೆ ಚಪ್ಪಾಳೆ ಬಿದ್ದವು. ಈ ಸಲ ನಾನು ‘ತನಿಖೆ ಯಾರು ಮಾಡುತ್ತಾರೆ?’ ಎಂದು ಒಂದು ಸಾಲು ಬರೆದೆ. ಹಳೆಯ ಸ್ನೇಹಿತರೊಬ್ಬರು ‘ಮೇಷ್ಟ್ರೇ, ನಿಮ್ಮ ಮನೆಯಲ್ಲಿ ಹೆಣ್ಣು ಮಕ್ಕಳಿಲ್ಲವೇ?’ ಎಂದು ಬರೆದರು. ನನಗೆ ಆರು ವರ್ಷದ ಮೊಮ್ಮಗಳಿದ್ದಾಳೆಂದು ಅವರಿಗೆ ಗೊತ್ತು. ಉತ್ತರ ಟೈಪು ಮಾಡಿದೆ, ಅಳಿಸಿದೆ, ಮತ್ತೆ ಮಾಡಿದೆ, ಅಳಿಸಿದೆ. ಮಾರನೆಯ ಬೆಳಿಗ್ಗೆ ಕೆರೆ ಏರಿಯ ಮೇಲೆ ಅವರೇ ಸಿಕ್ಕರು. ಇಬ್ಬರೂ ಒಂದು ಸುತ್ತು ಮಾತಿಲ್ಲದೆ ನಡೆದೆವು. ಎರಡನೆಯ ಸುತ್ತಿನಲ್ಲಿ ನಾನು ಈಗ ನಿಮಗೆ ಹೇಳಿದ್ದನ್ನೇ, ಇಷ್ಟು ಅಚ್ಚುಕಟ್ಟಾಗಿ ಅಲ್ಲ, ಅವರಿಗೂ ಹೇಳಿದೆ. ಮೊದಲು ಹೇಳಿದ್ದು ನನ್ನ ಚಪ್ಪಾಳೆಯ ಕಥೆ. ಅವರು ಒಪ್ಪಲಿಲ್ಲ. ‘ಆ ಮಗುವಿನ ತಾಯಿ ಮುಂದೆ ಹೋಗಿ ಈ ಭಿನ್ನರಾಶಿ ಹೇಳಿ ನೋಡೋಣ’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಗೇಟಿನ ಹತ್ತಿರ ಬಂದಾಗ ಅವರು ನಿಂತು, “ಹೈದರಾಬಾದಿನಲ್ಲಿ ಸತ್ತವರಲ್ಲಿ ಮೂವರು ಹುಡುಗರು ಅಂದ್ರಲ್ಲ, ಅದು ನಿಜವಾ?” ಎಂದು ಕೇಳಿದರು. ಆಯೋಗ ಹಾಗೆಂದು ಹೇಳಿದೆ ಎಂದೆ. ಅವರು ಗೇಟು ದಾಟಲಿಲ್ಲ, ಇನ್ನೊಂದು ಸುತ್ತಿಗೆ ತಿರುಗಿದರು.